‘ಮಾಡೂಣ ತಗೋ’ ಎನ್ನುವವರಿಗೆ ಹನ್ನೊಂದು ಸೂತ್ರ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾವ ಚಹಾದಂಗಡಿ ಮುಂದೆ ನಿಂತರೂ ಗುರಿಗಳಿಗೇನೂ ಬರವಿಲ್ಲ. ಒಬ್ಬ ಪಿಎಸ್‌ಐ ಆಗುವವ, ಇನ್ನೊಬ್ಬ ಸೈನ್ಯ ಸೇರುವವ, ಮತ್ತೊಬ್ಬ ಹನಿ ನೀರಾವರಿ ಹಾಕಿಸಿ ಎಕರೆಗೆ ನೂರು ಟನ್ ಕಬ್ಬು ತೆಗೆಯುವವ. ಶುರು ಯಾವಾಗ ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: “ಮಾಡೂಣ ತಗೋ.”

ಗುರಿಗೆ ನಿಜವಾಗಿ ಬದ್ಧರಾದವರನ್ನು ಗುರುತಿಸಲು ಅವರ ಉತ್ಸಾಹ ನೋಡಬೇಕಿಲ್ಲ. ಉತ್ಸಾಹ ಎಲ್ಲರಿಗೂ ಬರುತ್ತದೆ, ಎಲ್ಲರಿಂದಲೂ ಹೋಗುತ್ತದೆ. ಅದು ಹೋದ ದಿನಕ್ಕೆಂದು ಅವರು ಮೊದಲೇ ಏನು ಏರ್ಪಾಡು ಮಾಡಿಟ್ಟಿದ್ದಾರೆ ಎಂದು ನೋಡಿದರೆ ಸಾಕು. ಆ ಏರ್ಪಾಡಿನ ಹನ್ನೊಂದು ಸೂತ್ರ ಇಲ್ಲಿವೆ. ಉದಾಹರಣೆಗಳಿಗೆ ದೂರ ಹೋಗಬೇಕಿಲ್ಲ, ಘಟಪ್ರಭೆಯ ದಂಡೆಯಲ್ಲೇ ಬೇಕಾದಷ್ಟು ಸಿಗುತ್ತವೆ.

1. ಬೇಕು ಅನ್ನುವುದು ಬೇರೆ, ತರುವುದು ಬೇರೆ

ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟಕ್ಕೆ ಒಗ್ಗಿಸಿದವರು ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣ. ಅದೇ ಸೀಮೆಯ ಕೌಜಲಗಿ ನಿಂಗಮ್ಮ, ಹೆಣ್ಣುಮಕ್ಕಳು ಆಟಕ್ಕೆ ಇಳಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಅದನ್ನು ಆಡಿ ಮನೆಮಾತಾದರು. ಕಥೆ ಗೊತ್ತಿರುವುದೇ. ಸವತಿ ರುಕ್ಮಿಣಿಗೆ ಹೂವು ಸಿಕ್ಕಿತೆಂದು ಸತ್ಯಭಾಮೆಗೆ ಸಿಟ್ಟು. ಪುರಾಣದ ಪ್ರಕಾರ ಪಾರಿಜಾತ ಬೇಕೆಂದವಳು ಅವಳು, ಇಂದ್ರನೊಡನೆ ಹೋರಾಡಿ ಗಿಡವನ್ನೇ ಕಿತ್ತು ತಂದವನು ಕೃಷ್ಣ.

ನಮ್ಮ ಎಷ್ಟೋ ಗುರಿಗಳು ಈ ಜಾತಿಯವು. ಪಕ್ಕದ ಮನೆಗೆ ಬಂತೆಂದು ನಮಗೂ ಬೇಕು, ತಂದುಕೊಡುವವರು ಮಾತ್ರ ಬೇರೆ ಯಾರಾದರೂ ಆಗಬೇಕು. ಹಾಗಾಗಿ ಮೊದಲೇ ಎರಡು ಪ್ರಶ್ನೆ ಕೇಳಿಕೊಳ್ಳಿ. ಗೆಳೆಯನಿಗೆ ನೌಕರಿ ಸಿಗದೇ ಇದ್ದಿದ್ದರೂ ನಾನು ಈ ಪರೀಕ್ಷೆಗೆ ಕೂಡುತ್ತಿದ್ದೆನೆ? ಈ ಗುರಿಗಾಗಿ ದಿನವೂ ಮಾಡಬೇಕಾದ ಕೆಲಸದಲ್ಲಿ ನನಗೆ ರುಚಿಸುವುದು ಒಂದಾದರೂ ಇದೆಯೆ? ಎರಡಕ್ಕೂ ಉತ್ತರ ‘ಇಲ್ಲ’ ಎಂದಾದರೆ ಬೇರೆ ಗುರಿ ನೋಡಿಕೊಳ್ಳಿ. ಗಿಡ ಸತ್ಯಭಾಮೆಯ ಅಂಗಳಕ್ಕೆ ಬಂದರೂ ಹೂವು ಉದುರಿದ್ದು ರುಕ್ಮಿಣಿಯ ಅಂಗಳದಲ್ಲಿ ಎಂದು ಜನ ಹೇಳುತ್ತಾರಲ್ಲ, ಪೈಪೋಟಿಗೆ ಬಿದ್ದು ಹಿಡಿದ ಗುರಿಯ ಗತಿ ಅದೇ.

2. ಗುರಿಗೆ ಒಂದು ಅಂಕಿ ಕೊಡಿ

2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಗಿಳಿದಾಗ ಅವರ ಬಾಯಲ್ಲಿದ್ದದ್ದು ಟನ್‌ಗೆ ₹3,500 ಎಂಬ ಅಂಕಿ. ‘ನ್ಯಾಯಯುತ ಬೆಲೆ’ ಎಂದಷ್ಟೇ ಕೇಳಿದ್ದರೆ ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಸಿಕ್ಕು ಎಲ್ಲರೂ ಮನೆಗೆ ಹೋಗಬೇಕಾಗುತ್ತಿತ್ತು. ಅಂಕಿ ಇದ್ದುದರಿಂದ ಮಾತುಕತೆಗೂ ಅಂಕಿಯಲ್ಲೇ ಉತ್ತರ ಬರಬೇಕಾಯಿತು. ನವೆಂಬರ್ 7ರಂದು ಸರ್ಕಾರ ₹3,300 ಘೋಷಿಸಿತು. ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು, ಇನ್ನೂ ಎಷ್ಟು ಬಾಕಿ ಎಂಬುದು ಚಿಕ್ಕ ಹುಡುಗನಿಗೂ ತಿಳಿಯುವಂತಿತ್ತು.

ನಿಮ್ಮ ಗುರಿಯನ್ನೂ ಹೀಗೇ ಅಳತೆಗೆ ಸಿಗುವಂತೆ ಮಾಡಿ. ‘ಮೈ ಗಟ್ಟಿ ಮಾಡಬೇಕು’ ಎಂಬುದರಿಂದ ಏನೂ ಆಗದು. ಸೈನ್ಯ ಸೇರುವ ಹುಡುಗನಿಗೆ ಅಂಕಿಗಳನ್ನು ರ‍್ಯಾಲಿಯ ಮೈದಾನವೇ ಕೊಟ್ಟಿದೆ: 1.6 ಕಿ.ಮೀ. ಓಟ, ಬೀಮ್ ಮೇಲೆ 10 ಪುಲ್‌ಅಪ್, 9 ಅಡಿ ಹಳ್ಳ ಜಿಗಿತ. ಇಂದು ನಿಮ್ಮಿಂದ ಆಗುವುದು ಆರು ಪುಲ್‌ಅಪ್ ಆದರೆ ‘6’ ಎಂದು ಗೋಡೆಯ ಮೇಲೆ ಬರೆಯಿರಿ. ನಾಚಿಕೆಯಾದರೂ ಚಿಂತೆಯಿಲ್ಲ, ಮುಂದಿನ ವಾರ ಅಳಿಸಿ ಬರೆಯಬಹುದು.

3. ಏನು ಬಿಟ್ಟಿರಿ ಎಂದು ಪಟ್ಟಿ ಮಾಡಿ

ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ. ಹೊಸ ಗುರಿ ಒಳಗೆ ಬಂದಾಗ ಹಳೆಯದೊಂದು ಹೊರಗೆ ಹೋಗಲೇಬೇಕು. ‘ಎಲ್ಲಾ ಮಾಡ್ಕೊಂಡs ಇದನ್ನೂ ಮಾಡ್ತೀನಿ’ ಎನ್ನುವವರು ಗುರಿಯನ್ನು ಇನ್ನೂ ಜಗುಲಿಯ ಮೇಲೆ ಕೂರಿಸಿದ್ದಾರೆ, ಮನೆಯೊಳಗೆ ಕರೆದುಕೊಂಡಿಲ್ಲ.

ಕಾಗದದ ಒಂದು ಬದಿಗೆ ಗುರಿ, ಇನ್ನೊಂದು ಬದಿಗೆ ಅದಕ್ಕಾಗಿ ಬಿಟ್ಟದ್ದು ಎಂದು ಬರೆಯಿರಿ. ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲಿನ ಹರಟೆ, ಮೊಬೈಲಿನಲ್ಲಿ ಬೆರಳು ಎಳೆಯುತ್ತ ಕಳೆಯುವ ಒಂದು ತಾಸು, ಪ್ರತಿ ಊರ ಜಾತ್ರೆಗೂ ಹೋಗಲೇಬೇಕೆಂಬ ಹಟ. ಎರಡನೆಯ ಬದಿ ಖಾಲಿ ಉಳಿದರೆ ನಿಮ್ಮದು ಇನ್ನೂ ಬಯಕೆ ಮಾತ್ರ. “ಈ ಸಲ ಬ್ಯಾಡಪಾ, ಓದೂದೈತಿ” ಎಂದು ಗೆಳೆಯರಿಗೆ ಮೊದಲ ಬಾರಿ ಹೇಳಿದ ದಿನವೇ ನಿಮ್ಮ ಗುರಿಯ ಖರೆ ಮುಹೂರ್ತ. ಒಂದು ಎಚ್ಚರಿಕೆ: ನಿದ್ದೆ, ಊಟ, ಮನೆಯ ಹಿರಿಯರ ಔಷಧದ ಹೊತ್ತು ಇವು ಬಿಡುವ ಪಟ್ಟಿಗೆ ಬರಕೂಡದು. ಅವನ್ನು ಬಿಟ್ಟು ಕಟ್ಟಿದ ಯೋಜನೆ ತಿಂಗಳೊಳಗೆ ಕುಸಿಯುತ್ತದೆ.

4. ‘ಹಿಂಗಾದರೆ ಹಿಂಗೆ’ ಎಂದು ಮೊದಲೇ ಬರೆದಿಡಿ

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರ ಒಂದು ಪ್ರಸಿದ್ಧ ಲೇಖನದಲ್ಲಿ ಸರಳವಾದ ವಿಷಯವೊಂದನ್ನು ಮುಂದಿಟ್ಟರು. ‘ನಾನು ಇದನ್ನು ಮಾಡುವೆ’ ಎಂದು ನಿಶ್ಚಯಿಸಿದವರಿಗಿಂತ ‘ಇಂಥ ಸಂದರ್ಭ ಬಂದರೆ ಇಂಥದ್ದನ್ನು ಮಾಡುವೆ’ ಎಂದು ಮೊದಲೇ ಗೊತ್ತುಪಡಿಸಿಕೊಂಡವರು ಕೆಲಸವನ್ನು ಮುಗಿಸುವುದು ಹೆಚ್ಚು. ಕಾರಣವೂ ಸರಳ. ಆ ಹೊತ್ತಿನಲ್ಲಿ ಕೂತು ಯೋಚಿಸುವ ಅಗತ್ಯವಿರುವುದಿಲ್ಲ, ಮನಸ್ಸಿಗೆ ನೆವ ಹುಡುಕಲು ಪುರಸೊತ್ತೇ ಸಿಗುವುದಿಲ್ಲ.

ನಮ್ಮ ಕಡೆಯ ನೆವಗಳೆಲ್ಲ ಗೊತ್ತಿರುವವೇ, ಹೀಗಾಗಿ ಉತ್ತರವನ್ನೂ ಮೊದಲೇ ಸಿದ್ಧಮಾಡಿಡಬಹುದು. ಬೆಳಗಿನ ಓಟದ ಹೊತ್ತಿಗೆ ಮಳೆ ಬಂದರೆ ಶಾಲೆಯ ಪಡಸಾಲೆಯಲ್ಲಿ ಬೈಠಕ್ ಹೊಡೆಯುವೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಗದ್ದೆಯ ಬದುವಿನ ಮೇಲೆ ಕೂತು ಹಿಂದಿನ ದಿನದ ಟಿಪ್ಪಣಿ ತಿರುವುವೆ. ಬಸ್ಸು ತಡವಾದರೆ ನಿಲ್ದಾಣದಲ್ಲಿ ಹತ್ತು ಲೆಕ್ಕ ಬಿಡಿಸುವೆ. ಇಂಥ ಐದು ಸಾಲು ಬರೆದು ಕಣ್ಣಿಗೆ ಬೀಳುವಲ್ಲಿ ಅಂಟಿಸಿ.

5. ನೆರವು ಪಡೆಯಲು ನಾಚಬೇಡಿ

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಕಮ್ಮಾರರ ಮನೆಯಲ್ಲಿ 1937ರಲ್ಲಿ ಹುಟ್ಟಿದ ಹುಡುಗನೊಬ್ಬ ಬಡತನದಿಂದಾಗಿ ಶಾಲೆ ಬಿಡಬೇಕಾಯಿತು. ಸಾವಳಗಿ ಮಠದ ಸಿದ್ಧರಾಮ ಸ್ವಾಮೀಜಿ ಆತನ ಹೈಸ್ಕೂಲಿನ ಖರ್ಚು ಹೊತ್ತರು. ಗೋಕಾಕದಲ್ಲಿ ಓದಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಸೇರಿ, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ, 2010ನೇ ಸಾಲಿನ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರೇ ಆ ಹುಡುಗ.

‘ಯಾರ ಹಂಗೂ ಬ್ಯಾಡ’ ಎಂಬುದು ಕೇಳಲು ಘನವಾದ ಮಾತು. ಆದರೆ ಆ ಬಿಂಕಕ್ಕೆ ಎಷ್ಟು ಓದುಗಳು ಅರ್ಧಕ್ಕೆ ನಿಂತಿಲ್ಲ? ವಿದ್ಯಾರ್ಥಿವೇತನದ ಅರ್ಜಿ, ಮಠದ ಪ್ರಸಾದನಿಲಯ, ಹಳೆಯ ಪುಸ್ತಕ ಕೊಡುವ ಅಣ್ಣಂದಿರು, ಉಚಿತವಾಗಿ ಗಣಿತ ಹೇಳಿಕೊಡಲು ಸಿದ್ಧರಿರುವ ನಿವೃತ್ತ ಮೇಷ್ಟ್ರು, ಎಲ್ಲರ ಬಾಗಿಲನ್ನೂ ತಟ್ಟಿ. ಕೇಳುವಾಗ ಸ್ಪಷ್ಟವಾಗಿ ಕೇಳಿ: “ಸರ್, ವಾರಕ್ಕ ಎರಡ ದಿನಾ, ಒಂದ ತಾಸು ಸಾಕ್ರಿ.” ಎಷ್ಟು ಬೇಕು, ಎಷ್ಟು ದಿನ ಬೇಕು ಎಂದು ಗೊತ್ತಿರುವವನಿಗೆ ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಪಡೆದುಕೊಂಡವರ ಮೇಲೆ ಒಂದೇ ಹೊಣೆ, ಪಡೆದದ್ದನ್ನು ಪೋಲು ಮಾಡಬಾರದು.

6. ಗುರಿ ಹಿಡಿಯಿರಿ, ದಾರಿಗೆ ಅಂಟಿಕೊಳ್ಳಬೇಡಿ

ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯ ಮಲಪ್ರಭಾ ಜಾಧವ ಜೂಡೋ ಆಟಗಾರ್ತಿ. 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಕೊರಳಿಗೆ ಕಂಚು ತಂದದ್ದು ಜೂಡೋ ಅಲ್ಲ, ಮಹಿಳೆಯರ 52 ಕೆ.ಜಿ. ವಿಭಾಗದ ಕುರಾಷ್. ಮಧ್ಯ ಏಷ್ಯಾದ ಈ ಕುಸ್ತಿ ಏಷ್ಯನ್ ಕೂಟಕ್ಕೆ ಬಂದದ್ದೇ ಆ ವರ್ಷ ಮೊದಲು. ಎದುರಾಳಿಯ ಅಂಗಿ ಹಿಡಿದು ನೆಲಕ್ಕೆ ಕೆಡಹುವ ಪಟ್ಟುಗಳು ಎರಡೂ ಆಟಗಳಲ್ಲಿ ಹತ್ತಿರಹತ್ತಿರ. ಜೂಡೋಗೆಂದು ವರ್ಷಗಟ್ಟಲೆ ಮಾಡಿದ ತಾಲೀಮು ಹೊಸ ಆಟದಲ್ಲಿ ಕೈಹಿಡಿಯಿತು.

ದೊಡ್ಡ ಕೂಟದಲ್ಲಿ ಪದಕ ಎಂಬುದು ಗುರಿಯಾದರೆ ಆಟ ಅದಕ್ಕೆ ದಾರಿ. ನಮ್ಮಲ್ಲಿ ಬಹಳ ಮಂದಿ ದಾರಿಯನ್ನೇ ಗುರಿ ಎಂದು ಬಗೆದು ಕೂತುಬಿಡುತ್ತಾರೆ. ‘ಸರ್ಕಾರಿ ಶಾಲೆಯ ಮೇಷ್ಟ್ರೇ ಆಗಬೇಕು’ ಎನ್ನುವವರಿಗೆ ನಿಜವಾಗಿ ಬೇಕಾದ್ದು ಕಲಿಸುವ ಕೆಲಸವೋ ತಿಂಗಳ ಸಂಬಳವೋ? ಬೇಕಾದ್ದು ಯಾವುದೆಂದು ತಿಳಿದರೆ ಅಲ್ಲಿಗೆ ಎರಡು ಮೂರು ದಾರಿಗಳು ಕಾಣುತ್ತವೆ. ಒಂದು ಮುಚ್ಚಿದಾಗ ಈವರೆಗಿನ ತಾಲೀಮು ಇನ್ನೊಂದರಲ್ಲಿ ಕೆಲಸಕ್ಕೆ ಬರುತ್ತದೆಯೇ ಎಂದು ನೋಡಿ, ಬರುವುದಾದರೆ ಹಿಂಜರಿಯದೆ ದಾಟಿಕೊಳ್ಳಿ.

7. ಬಂದ ಕಷ್ಟವನ್ನೇ ಸರಕು ಮಾಡಿಕೊಳ್ಳಿ

ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ 1942ರ ಚಳವಳಿಯಲ್ಲಿ ಹಿಂಡಲಗಾ ಜೈಲು ಸೇರಿದರು. ಬರೆಯುವವನ ಬದುಕಿನಲ್ಲಿ ಅದೊಂದು ಕಳೆದುಹೋದ ಕಾಲವಾಗಬಹುದಿತ್ತು. ಆ ಹೋರಾಟದ ದಿನಗಳೇ ‘ಮಾಡಿ ಮಡಿದವರು’ ಕಾದಂಬರಿಗೆ ವಸ್ತುವಾದವು. ಹೊಟ್ಟೆಪಾಡಿಗೆಂದು ಸೇರಿದ ಪತ್ರಿಕಾ ವೃತ್ತಿಯಲ್ಲಿ ಕಂಡದ್ದು ‘ಜ್ವಾಲಾಮುಖಿಯ ಮೇಲೆ’ ಆಯಿತು, ಅದಕ್ಕೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. 1980ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಗುರಿಗೆ ಬದ್ಧನಾದವನು ‘ಕಾಲ ಕೂಡಿ ಬರಲಿ’ ಎಂದು ಕಾಯುವುದಿಲ್ಲ. ಹಗಲೆಲ್ಲ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯಬೇಕಾಗಿ ಬಂದಿದೆಯೆ? ವ್ಯಾಪಾರ ಮಾಡುವ ಆಸೆ ಇದ್ದವನಿಗೆ ಅದೇ ಪಾಠಶಾಲೆ: ಯಾವ ಸರಕು ಬೇಗ ಖಾಲಿಯಾಗುತ್ತದೆ, ಉದ್ರಿ ಯಾರಿಗೆ ಕೊಡಬಹುದು, ಯಾವ ಹಬ್ಬಕ್ಕೆ ಏನು ತರಿಸಬೇಕು. ಈಗಿರುವ ಕೆಲಸದಿಂದ ಗುರಿಗೆ ಉಪಯೋಗವಾಗುವ ಒಂದು ಸಂಗತಿಯನ್ನು ದಿನವೂ ಬರೆದಿಡಿ.

8. ಊರಿಗೆಲ್ಲ ಸಾರಬೇಡಿ, ಒಬ್ಬರಿಗೆ ಲೆಕ್ಕ ಒಪ್ಪಿಸಿ

ಗುರಿಯನ್ನು ಎಲ್ಲರಿಗೂ ಹೇಳಿಕೊಂಡರೆ ನಾಚಿಕೆಗಾದರೂ ಮಾಡುತ್ತೇವೆ ಎಂಬ ನಂಬಿಕೆ ಇದೆ. ಗೋಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆ ಮಾತು ಹೇಳಿದವು. ‘ನಾನು ಇಂಥವನಾಗುವೆ’ ಎಂಬ ಸಂಕಲ್ಪಕ್ಕೆ ನಾಲ್ಕು ಜನರ ಗಮನ ಸಿಕ್ಕಿತೆಂದರೆ, ಅರ್ಧ ಆಗಿಯೇಬಿಟ್ಟೆ ಎಂಬ ತೃಪ್ತಿ ಬಂದು ದುಡಿಮೆ ಕಡಿಮೆಯಾಗುವ ಸಾಧ್ಯತೆ ಇದೆ. ಪರೀಕ್ಷೆಗೆ ಅರ್ಜಿ ಹಾಕಿದ ದಿನವೇ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ‘ಭಾವಿ ಪಿಎಸ್‌ಐ’ ಎಂದು ಹಾಕಿಕೊಂಡವರನ್ನು ನೆನೆಸಿಕೊಂಡರೆ ಇದು ತಿಳಿಯುತ್ತದೆ.

ಹೇಳಲೇಬೇಕೆಂದರೆ ಒಬ್ಬರಿಗೆ ಹೇಳಿ. ನಿಮ್ಮನ್ನು ಹೊಗಳದ, ಆದರೆ ನಿಮ್ಮ ಒಳಿತು ಬಯಸುವ ಒಬ್ಬರು. ವಾರಕ್ಕೊಮ್ಮೆ, ಸಂತೆಯ ದಿನವೆಂದೇ ಇಟ್ಟುಕೊಳ್ಳಿ, ಅವರು “ಎಷ್ಟಾತೋ ತಮ್ಮಾ?” ಎಂದು ಕೇಳಬೇಕು, ನೀವು ಅಂಕಿಯಲ್ಲಿ ಉತ್ತರ ಕೊಡಬೇಕು. ಆಗಿದ್ದನ್ನು ಹೇಳಿ, ಆಗುವುದನ್ನು ಹೇಳಬೇಡಿ. ಹಿರಿಯಕ್ಕ, ಸೋದರಮಾವ, ಹಳೆಯ ಪಿ.ಟಿ. ಮೇಷ್ಟ್ರು, ಯಾರಾದರೂ ಆದೀತು.

9. ಬೇಸರದ ಕೆಲಸವನ್ನು ಪ್ರೀತಿಸದಿದ್ದರೂ ಮಾಡಿ

ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ, ಅಪ್ಪಣಗೌಡ ಪಾಟೀಲರ ಮುಂದಾಳತ್ವದಲ್ಲಿ. ದೇಶದಲ್ಲಿ ಮೊದಮೊದಲು ಪ್ರಾಯೋಗಿಕವಾಗಿ ಶುರುವಾದ ಇಂಥ ಐದು ಸಂಘಗಳಲ್ಲಿ ಅದೂ ಒಂದು. ರೈತರೇ ಸದಸ್ಯರಾಗಿ, ತಮ್ಮ ಹಳ್ಳಿಗಳಿಗೆ ತಾವೇ ವಿದ್ಯುತ್ ಹಂಚಿಕೊಳ್ಳುವ ವ್ಯವಸ್ಥೆ. ಕರ್ನಾಟಕದ ಉಳಿದ ಕಡೆ ಈ ಕೆಲಸ ಸರ್ಕಾರದ ಮಂಡಳಿಯದು, ನಂತರ ಎಸ್ಕಾಂಗಳದು. ಹುಕ್ಕೇರಿಯಲ್ಲಿ ಸಹಕಾರಿ ಸಂಘ ಇಂದಿಗೂ ಉಳಿದಿದೆ.

ಊರಿಗೆ ಮೊದಲ ದೀಪ ಬಂದ ದಿನ ಪೂಜೆ, ತೆಂಗಿನಕಾಯಿ, ಭಾಷಣ ಇದ್ದೇ ಇರುತ್ತದೆ. ಮರುದಿನದಿಂದ ಆರಂಭವಾಗುವುದೆಂದರೆ ಕಂಬಕ್ಕೆ ತಾಗುವ ಟೊಂಗೆ ಕಡಿಯುವುದು, ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಸುವುದು, ಮನೆಮನೆ ಮೀಟರ್ ಓದುವುದು, ಬಿಲ್ಲು ವಸೂಲು ಮಾಡುವುದು. ಅರ್ಧ ಶತಮಾನ ದಾಟಿ ಸಂಸ್ಥೆ ನಿಂತಿದೆಯೆಂದರೆ ಅದು ಈ ಚಿಲ್ಲರೆ ಕೆಲಸಗಳ ಬಲದಿಂದ. ನಿಮ್ಮ ಗುರಿಯಲ್ಲೂ ಮೀಟರ್ ಓದುವಂಥ ಕೆಲಸ ಯಾವುದು? ತಪ್ಪಾದ ಲೆಕ್ಕವನ್ನು ಮತ್ತೆ ಬಿಡಿಸುವುದೋ, ದಿನದ ಖರ್ಚು ಬರೆಯುವುದೋ, ಓಟದ ಮೊದಲು ಕಾಲು ಸಡಿಲಿಸುವುದೋ? ಅದನ್ನು ದಿನದ ಮೊದಲ ಹೊತ್ತಿಗೆ ಇಡಿ. ರುಚಿಯ ಕೆಲಸ ಹೇಗೂ ಆಗುತ್ತದೆ.

10. ಒಂದು ದಿನ ತಪ್ಪಿದರೆ ಎರಡನೆಯ ದಿನ ತಪ್ಪಿಸಬೇಡಿ

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳೆಲ್ಲ ಮುಳುಗಿದವು, ಲೋಳಸೂರು ಸೇತುವೆಯ ಮೇಲೆ ನೀರು ಹರಿಯಿತು. ನೀರು ಇಳಿದ ಮೇಲೆ ಅಂಗಡಿಕಾರರ ಮುಂದೆ ಇದ್ದ ಮೊದಲ ಕೆಲಸ ಹಾಳಾದದ್ದನ್ನು ಲೆಕ್ಕಹಾಕುವುದಲ್ಲ, ರಾಡಿ ಬಳಿದು ಬಾಗಿಲು ತೆರೆಯುವುದು. ಎಲ್ಲ ಸರಿಹೋದ ಮೇಲೆ ತೆರೆಯೋಣ ಎಂದಿದ್ದರೆ ಪೇಟೆ ಎದ್ದು ನಿಲ್ಲುತ್ತಿರಲಿಲ್ಲ.

ಯೋಜನೆ ಹಾಕಿದವರಿಗೆಲ್ಲ ಒಂದಿಲ್ಲೊಂದು ದಿನ ತಪ್ಪುತ್ತದೆ: ಜ್ವರ, ಮದುವೆ, ಕಟಾವಿನ ಹಂಗಾಮು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿ ತಾನಾಗಿ ನಡೆಯುವ ಹಂತಕ್ಕೆ ಬರಲು ಒಬ್ಬೊಬ್ಬರಿಗೆ ಹಿಡಿದ ಕಾಲ 18 ದಿನಗಳಿಂದ 254 ದಿನಗಳವರೆಗೆ, ನಡುವಿನ ಅಂಕಿ 66. ಇಪ್ಪತ್ತೊಂದು ದಿನದಲ್ಲಿ ಎಲ್ಲ ಆಗಿಬಿಡುತ್ತದೆ ಎಂಬ ಪ್ರಚಾರವನ್ನು ನಂಬಬೇಡಿ. ಅದೇ ಅಧ್ಯಯನದ ಸಮಾಧಾನದ ಮಾತೂ ಇದೆ: ಅಪರೂಪಕ್ಕೆ ಒಂದು ದಿನ ತಪ್ಪಿದ್ದರಿಂದ ರೂಢಿಗೆ ಹೆಚ್ಚೇನೂ ಧಕ್ಕೆಯಾಗಲಿಲ್ಲ. ಕೆಡಿಸುವುದು ‘ಹೆಂಗೂ ತಪ್ಪೇತಲ್ಲ, ಸೋಮವಾರದಿಂದ ನೋಡೂಣ’ ಎಂಬ ಮಾತು. ತಪ್ಪಿದ ಮರುದಿನ ಅರ್ಧ ತಾಸಾದರೂ ಕೂಡಿ.

11. ಬಿಡುವ ಗೆರೆಯನ್ನೂ ಮೊದಲೇ ಎಳೆಯಿರಿ

ಇದನ್ನು ಯಶಸ್ಸಿನ ಪುಸ್ತಕಗಳು ಹೇಳುವುದಿಲ್ಲ, ಕಬ್ಬಿನ ರೈತ ಹೇಳುತ್ತಾನೆ. ಒಮ್ಮೆ ನಾಟಿ ಮಾಡಿದ ಕಬ್ಬಿನಿಂದ ಅವನು ಕೂಳೆ ಬೆಳೆ ತೆಗೆಯುತ್ತಾನೆ, ಒಮ್ಮೆ, ಎರಡು ಬಾರಿ, ಹೆಚ್ಚೆಂದರೆ ಇನ್ನೂ ಒಮ್ಮೆ. ಇಳುವರಿ ಕುಸಿದದ್ದು ಕಂಡಾಗ ಬುಡ ಕಿತ್ತು ಗೋವಿನಜೋಳವನ್ನೋ ಕಡಲೆಯನ್ನೋ ಬಿತ್ತುತ್ತಾನೆ. ಬೆಳೆ ಬದಲಾಯಿತು, ಒಕ್ಕಲುತನ ನಿಲ್ಲಲಿಲ್ಲ. ಅವನನ್ನು ಯಾರೂ ಸೋತವನೆನ್ನುವುದಿಲ್ಲ.

ಬ್ಯಾರಿ ಸ್ಟಾ ಎಂಬ ಸಂಶೋಧಕ 1976ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದು ಇದರ ಇನ್ನೊಂದು ಮುಖ. ತಾವೇ ಆರಿಸಿದ ಯೋಜನೆ ನಷ್ಟಕ್ಕೆ ಬಿದ್ದಾಗ ಜನ ಕೈ ಬಿಗಿಹಿಡಿಯುವ ಬದಲು ಅದರ ಮೇಲೆ ಇನ್ನಷ್ಟು ಹಣ ಸುರಿದರು. ಧಾರವಾಡದ ಬಾಡಿಗೆ ಕೋಣೆಯಲ್ಲಿ ಆರನೆಯ ವರ್ಷವೂ ಅದೇ ಪರೀಕ್ಷೆಗೆ ಕೂತವನಿಗೂ, ಮನೆಯವರು ಹೊಲ ಒತ್ತೆಯಿಟ್ಟು ಕಳಿಸುವ ಹಣಕ್ಕೂ ಈ ಮಾತು ತಾಗುತ್ತದೆ. ಹಾಗೆ ಕೂತಿರುವುದರಲ್ಲಿ ಬದ್ಧತೆಗಿಂತ ಈವರೆಗಿನ ಖರ್ಚಿನ ಮೇಲಿನ ಮರುಕವೇ ಹೆಚ್ಚು.

ಆದ್ದರಿಂದ ತಲೆ ತಣ್ಣಗಿರುವ ಇವತ್ತೇ ಬರೆದಿಡಿ: ಎಷ್ಟು ಪ್ರಯತ್ನ, ಎಷ್ಟು ವರ್ಷ, ಎಷ್ಟು ಹಣ. ಮೊದಲ ಸೋಲಿಗೇ ಓಡಿಹೋಗುವುದನ್ನು ಆ ಗೆರೆ ತಡೆಯುತ್ತದೆ, ಏಕೆಂದರೆ ಇನ್ನೂ ಎರಡು ಪ್ರಯತ್ನ ಬಾಕಿ ಇವೆ. ಕೊನೆಯಿಲ್ಲದೆ ಕೂತುಬಿಡುವುದನ್ನೂ ಅದೇ ಗೆರೆ ತಡೆಯುತ್ತದೆ. ಅದರೊಳಗಿರುವಷ್ಟು ದಿನ ‘ಬಿಡಲೋ ಬೇಡವೋ’ ಎಂದು ಯೋಚಿಸುವ ಕೆಲಸವೇ ಇಲ್ಲ, ಪೂರ್ತಿ ಮನಸ್ಸು ದುಡಿಮೆಗೆ.

ಈ ವಾರದ ಕೆಲಸ

ಹನ್ನೊಂದನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಈ ವಾರ ಒಂದು ಹಾಳೆ ತೆಗೆದುಕೊಂಡು ನಾಲ್ಕೇ ಸಾಲು ಬರೆಯಿರಿ.

• ನನ್ನ ಗುರಿಯ ಅಂಕಿ: ಇಂದು ಎಷ್ಟು, ಎಂದಿಗೆ ಎಷ್ಟು?
• ಅದಕ್ಕಾಗಿ ಇಂದಿನಿಂದ ಬಿಡುವ ಒಂದು ಸಂಗತಿ ಯಾವುದು?
• ವಾರಕ್ಕೊಮ್ಮೆ ಲೆಕ್ಕ ಕೇಳುವವರು ಯಾರು?
• ಎಲ್ಲಿಯವರೆಗೆ ಬಿಡುವುದಿಲ್ಲ, ಎಲ್ಲಿಗೆ ಬಿಡುತ್ತೇನೆ?

ನಾಲ್ಕಕ್ಕೂ ಉತ್ತರ ಬರೆದು, ಮೂರನೆಯ ಸಾಲಿನಲ್ಲಿರುವವರಿಗೆ ಇಂದೇ ಫೋನು ಮಾಡಿ ಒಪ್ಪಿಸಿ. ಒಂದನ್ನೂ ಬರೆಯಲಾಗದಿದ್ದರೆ ಬೇಸರ ಬೇಡ. ಅದು ನಿಮ್ಮ ಗುರಿಯಲ್ಲ ಎಂದು ಒಂದು ಹಾಳೆಯ ಖರ್ಚಿನಲ್ಲಿ ತಿಳಿಯಿತು, ಎಷ್ಟೋ ಜನರಿಗೆ ಅದೇ ತಿಳಿಯಲು ಹತ್ತು ವರ್ಷ ಬೇಕಾಗುತ್ತದೆ.